ಗೆಳೆಯರ ಎಪ್ಪತ್ತರ ದಿನ, ನೆಕ್ಕಾರ್ ನದಿಯ ದಂಡೆಯಲ್ಲಿ

ನಮ್ಮ ತಲೆಮಾರಿನ ಬಹುಮಂದಿ ಹುಟ್ಟಿದ್ದು ಜೂನ್ 1ರಂದು. ಇದರಲ್ಲಿ ಗ್ರಹಗತಿಯ ವಿಸ್ಮಯವೇನೂ ಇಲ್ಲ. ಶಾಲೆಗೆ ಸೇರಿಸಿಕೊಳ್ಳುವ ದಿನ ಗುರುಗಳು ಹುಡುಗನ ಎತ್ತರವನ್ನು ನೋಡಿ, ವಯಸ್ಸನ್ನು ಅಂದಾಜು ಮಾಡಿ, ದಾಖಲೆಯಲ್ಲಿ ಜೂನ್ 1 ಎಂದು ಬರೆಯುತ್ತಿದ್ದರು. ಮಠದ ಉಚಿತ ಪ್ರಸಾದ ನಿಲಯದಲ್ಲಿ ನನ್ನೊಡನೆ ಓದಿದ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿ ಈ ಜೂನ್ ಒಂದರವರೇ ಆಗಿದ್ದರು, ನಾನೂ ಅವರಲ್ಲೊಬ್ಬ. ಆ ದಿನವನ್ನು ಆಚರಿಸಬೇಕೆಂದು ನಮಗೆ ಯಾರಿಗೂ ತೋಚಿದ್ದಿಲ್ಲ. ಆದರೆ ಕಳೆದ 2025ರ ಜೂನ್ 1ನ್ನು ಜರ್ಮನಿಯ ಒಂದು ಪುಟ್ಟ ಊರಿನಲ್ಲಿ ಆಚರಿಸುವ ಯೋಗ ಒದಗಿತು.

ಆಚರಿಸಿಕೊಂಡವರು ನನಗಿಂತ ಎರಡು ವರ್ಷ ಹಿರಿಯರಾದ, ನಿಲಯದಲ್ಲಿ ಒಂದೇ ಚಾಪೆಯ ಮೇಲೆ ನನ್ನೊಡನೆ ಮಲಗಿದ ಗೆಳೆಯರು. (ಗೌರವಕ್ಕಾಗಿ ಇಲ್ಲಿ ಬಹುವಚನ ಬಳಸುತ್ತಿದ್ದೇನೆ, ಮಾತಿನಲ್ಲಿ ನಾವು ಏಕವಚನದವರೇ.) ನಾನು ವ್ಯಾಕರಣ, ಶಾಸ್ತ್ರಗಳ ಕಡೆಗೆ ಹೊರಳಿದೆ, ಅವರು ಯಂತ್ರವಿದ್ಯೆಯನ್ನು ಕಲಿತು 1981ರಲ್ಲಿ ಸ್ಟುಟ್‌ಗಾರ್ಟ್ ನಗರದ ಕಾರ್ಖಾನೆಯೊಂದಕ್ಕೆ ಹೋದವರು ಅಲ್ಲಿಯೇ ನೆಲೆನಿಂತರು. ಆ ನಾಡಿನ ಕನ್ಯೆಯನ್ನೇ ವರಿಸಿದರು. 2021ರಲ್ಲಿ ಆ ತಾಯಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ನನ್ನ ಮಗಳ ಸಂಸಾರವೂ ಅದೇ ನಗರದಲ್ಲಿರುವುದರಿಂದ, ತೊಂಬತ್ತು ದಿನಗಳ ವೀಸಾ ಪಡೆದು ನಾನು ಅಲ್ಲಿಗೆ ಹೋಗಿದ್ದೆ.

ನಮ್ಮಿಬ್ಬರ ನಡುವೆ ಒಂದು ಹಳೆಯ ನೋವಿತ್ತು. 1998ರಲ್ಲಿ ಅವರ ತಾಯಿ ಲಿಂಗೈಕ್ಯರಾದಾಗ ಮಗ ಬರಲಿಲ್ಲ. ಮಣ್ಣಿಗೆ ಬರಲಾಗದ್ದು ದೂರದ ಕಾರಣದಿಂದ ಎಂದುಕೊಳ್ಳಬಹುದು. ಮುಂದಿನ ಕಾರ್ಯಕ್ಕೂ ಬರಲಿಲ್ಲ, ಒಂದು ಸಾಲನ್ನೂ ಬರೆಯಲಿಲ್ಲ. ನಾನು ಕಟುವಾದ ಒಂದು ಪತ್ರವನ್ನು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಆಮೇಲೆ ಇಪ್ಪತ್ತೇಳು ವರ್ಷ ನಮ್ಮ ಸ್ನೇಹ ಯುಗಾದಿಯ ಶುಭಾಶಯದ ಮಟ್ಟದಲ್ಲಿಯೇ ಉಳಿಯಿತು.

ಜರ್ಮನರಲ್ಲಿ ಹುಟ್ಟುಹಬ್ಬಕ್ಕೆ ಕಟ್ಟಳೆಗಳಿವೆ. ದಿನ ಬರುವ ಮೊದಲೇ ಶುಭ ಕೋರುವುದು ಅಪಶಕುನ. ಇದನ್ನರಿಯದ ನಾನು ಹಿಂದಿನ ಸಂಜೆಯೇ ಗೆಳೆಯರಿಗೆ ಫೋನು ಮಾಡಿ ಬಾಯಿ ತೆರೆಯುವಷ್ಟರಲ್ಲಿ ಮಗಳು ಓಡಿಬಂದು ಫೋನನ್ನು ಕಸಿದುಕೊಂಡಳು. ಎರಡನೆಯದು, ಹುಟ್ಟಿದವನೇ ಉಳಿದವರಿಗೆ ಉಣಿಸಬೇಕು. ಕಚೇರಿಯಲ್ಲಾದರೂ ತಾನೇ ಕೇಕು ತಂದು ಹಂಚಬೇಕು. ಪಡೆಯುವುದಕ್ಕಿಂತ ನೀಡುವುದೇ ಹಬ್ಬ ಎನ್ನುವ ಈ ಕ್ರಮ ದಾಸೋಹದ ಅನ್ನವುಂಡು ಬೆಳೆದ ನನಗೆ ತುಂಬ ಹಿಡಿಸಿತು. ಐವತ್ತು, ಅರವತ್ತು, ಎಪ್ಪತ್ತು ಇಂತಹ ಸೊನ್ನೆಯ ವರ್ಷಗಳಿಗೆ ಅಲ್ಲಿ ವಿಶೇಷ ಮನ್ನಣೆ.

"ನನಗ ಯಾವ ಹಬ್ಬಾನೂ ಬ್ಯಾಡ. ಒಂದಿನ ಎಲ್ಲಿಗಾರ ಹೋಗಿ ಬರೂಣು" ಎಂದರು ಗೆಳೆಯರು. ಎಲ್ಲಿಗೆಂದು ಕೇಳಿದಾಗ ನನ್ನ ಬಾಯಿಂದ ಬಂದ ಹೆಸರು ಟ್ಯೂಬಿಂಗೆನ್. ಕನ್ನಡ ವ್ಯಾಕರಣ ಓದಿದವನಿಗೆ ಆ ಊರು ಯಾತ್ರಾಸ್ಥಳವೇ ಸರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಹಾ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲ್ಲರು 1903ರಲ್ಲಿ ದೇಹವಿಟ್ಟದ್ದು ಅಲ್ಲಿ. ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದೂ ಅಲ್ಲಿನ, 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವೇ.

ಅಂದು ಭಾನುವಾರ. ಆ ರಾಜ್ಯದೊಳಗಿನ ಪ್ರಾದೇಶಿಕ ರೈಲುಗಳಲ್ಲಿ ಇಡೀ ದಿನ ಓಡಾಡಲು ಐವರವರೆಗೆ ಒಂದೇ ಟಿಕೆಟ್ ಸಾಕು. ಕಟ್ಟಳೆಯಂತೆ ಗೆಳೆಯರೇ ಅದನ್ನು ಕೊಂಡರು. ಮಗಳು, ಮೊಮ್ಮಗ, ನಾವಿಬ್ಬರು, ಜೊತೆಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ, ಇಷ್ಟು ನಮ್ಮ ಪರಿವಾರ. ಪಯಣ ಒಂದು ತಾಸಿನದು. ಸ್ಟುಟ್‌ಗಾರ್ಟ್ ಬಿಟ್ಟ ಸ್ವಲ್ಪ ಹೊತ್ತಿಗೆ ದ್ರಾಕ್ಷಿಯ ತೋಟಗಳ ಇಳಿಜಾರಿನ ಕೆಳಗೆ ಎಸ್ಲಿಂಗೆನ್ ನಿಲ್ದಾಣ ಬಂದಿತು. ನಾನು ಎದ್ದು ನಿಂತೆ. ಇಳಿಯುವ ಊರು ಇದಲ್ಲವೆಂದು ಮೊಮ್ಮಗ ನನ್ನ ಅಂಗಿ ಹಿಡಿದೆಳೆದ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ, ಬಸವಪುರಾಣವನ್ನೂ ಚೆನ್ನಬಸವಪುರಾಣವನ್ನೂ ಕಲ್ಲಚ್ಚಿನಲ್ಲಿ ಮೊದಲು ಬೆಳಕಿಗೆ ತಂದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ಕಣ್ಮುಚ್ಚಿದ ಊರದು. ಅವರ ಮತಪ್ರಚಾರದ ಉದ್ದೇಶವನ್ನು ನಾವು ಒಪ್ಪಬೇಕಾದ್ದಿಲ್ಲ. ಮಾಡಿದ ಉಪಕಾರವನ್ನು ಮರೆಯಲೂ ಬಾರದು. ರೈಲು ಒಂದೆರಡು ನಿಮಿಷ ನಿಂತಿದ್ದಷ್ಟೇ.

ಟ್ಯೂಬಿಂಗೆನ್ನಿನಲ್ಲಿ ನೆಕ್ಕಾರ್ ನದಿಯೇ ಊರಿನ ಕನ್ನಡಿ. ದಂಡೆಗೆ ಅಂಟಿದಂತೆ ಬಣ್ಣಬಣ್ಣದ ಎತ್ತರದ ಮನೆಗಳು, ನಡುವೆ ನಡುಗಡ್ಡೆಯ ಮೇಲೆ ಹಳೆಯ ಮರಗಳ ಎರಡು ಸಾಲು. ಮಾರುಕಟ್ಟೆಯ ಚೌಕದಲ್ಲಿ 1435ರ ಪುರಭವನವಿದೆ. ಅದರ ನೆತ್ತಿಯ ಮೇಲೆ ಗ್ರಹಗತಿ ತೋರಿಸುವ 1511ರ ಗಡಿಯಾರವಿದೆ. ಹೆಚ್ಚು ಹೊತ್ತು ನಿಂತದ್ದು ಮಾತ್ರ ನದಿಯಂಚಿನ ಹಳದಿ ಗೋಪುರದ ಮುಂದೆ. ಬುದ್ಧಿಭ್ರಮಣೆಗೊಳಗಾದ ಕವಿ ಫ್ರೀಡ್ರಿಖ್ ಹ್ಯೋಲ್ಡರ್ಲಿನ್ 1807ರಿಂದ 1843ರಲ್ಲಿ ಸಾಯುವವರೆಗೆ, ಮೂವತ್ತಾರು ವರ್ಷ, ಇಲ್ಲಿದ್ದರು. ಹಳೆಯ ಗೋಪುರ 1875ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಲ್ಪಟ್ಟಿದೆ. ಅವರನ್ನು ಮನೆಗೆ ಕರೆತಂದು ಸಾಕಿದವನು ರಕ್ತಸಂಬಂಧಿಯಲ್ಲ, ಎರ್ನ್‌ಸ್ಟ್ ತ್ಸಿಮ್ಮರ್ ಎಂಬ ಬಡಿಗ. ಕವಿಯ ಕೃತಿಯನ್ನೋದಿ ಮೆಚ್ಚಿದವನು. 1838ರಲ್ಲಿ ಅವನು ತೀರಿಕೊಂಡ ಮೇಲೆ ಮಗಳು ಲೊಟ್ಟೆ ಕೊನೆಯವರೆಗೂ ಆ ಸೇವೆಯನ್ನು ನಡೆಸಿದಳು. ಪ್ರವಾಸಿಗಳೆಲ್ಲ ಕವಿಯನ್ನು ನೆನೆಯುತ್ತಾರೆ. ನನಗೆ ಆ ಬಡಿಗನ ಮನೆಯವರೇ ದೊಡ್ಡವರೆನಿಸಿತು.

ಮಧ್ಯಾಹ್ನ ನಡುಗಡ್ಡೆಯ ನೆರಳಿನಲ್ಲಿ ರೊಟ್ಟಿಯೂಟ. ಅನಂತರ ದೋಣಿ. ಅಲ್ಲಿನ ದೋಣಿಗಳಿಗೆ ಹುಟ್ಟಿಲ್ಲ. ತಳ ಚಪ್ಪಟೆ, ಹಿಂದೆ ನಿಂತವನು ಉದ್ದನೆಯ ಗಳವನ್ನು ನದಿಯ ತಳಕ್ಕೂರಿ ನೂಕುತ್ತಾನೆ. ಮೊಮ್ಮಗ ನೀರಾಟದಲ್ಲಿ ಮೈಮರೆತಿದ್ದ. ಗೋಪುರ ಹಿಂದೆ ಸರಿದಾಗ ಗೆಳೆಯರು ಅದನ್ನೇ ನೋಡುತ್ತ ಮೆಲ್ಲಗೆ ಹೇಳಿದರು: "ಪಂಡಿತಾ, ನೀ ಬರದ ಪತ್ರ ಇನ್ನೂ ನನ್ನ ಹತ್ರ ಐತಿ."

ನಾನು ತಲೆ ತಗ್ಗಿಸಿದೆ.

"ಅವ್ವ ಹೋದ ಸುದ್ದಿ ಬಂದಾಗ ನನ್ನ ಹೆಂಡತಿ ದವಾಖಾನಿಯೊಳಗ ಇದ್ದಳು. ಮೊದಲನೇ ಆಪರೇಷನ್. ಉಳಿತಾಳೋ ಇಲ್ಲೋ ಅಂತ ಡಾಕ್ಟರರಿಗೂ ಗೊತ್ತಿರಲಿಲ್ಲ. ಸತ್ತಾಕಿನ್ನ ನೋಡಾಕ ಹೋಗಿ ಬದುಕಿದಾಕಿನ್ನ ಹ್ಯಾಂಗ ಬಿಡಲಿ? ಬರೀಬೇಕು ಅಂತ ಕುಂತೆ. ಅಷ್ಟರಾಗ ನಿನ್ನ ಪತ್ರ ಬಂತು. ಆಮ್ಯಾಲ ಬರೀಲಿಕ್ಕಾಗಲಿಲ್ಲ."

ಇಪ್ಪತ್ತೇಳು ವರ್ಷ ನಾನು ಹೊತ್ತ ನ್ಯಾಯಾಧೀಶನ ಪಟ್ಟ ಆ ಕ್ಷಣಕ್ಕೆ ಜಾರಿತು. ಕಾರಣವನ್ನೇ ಕೇಳದೆ ತೀರ್ಪು ಬರೆದವನು ನಾನು. ಶಾಸ್ತ್ರ ಓದಿದವರಿಗೆ ಈ ರೋಗ ಬೇಗ ತಗಲುತ್ತದೆ. "ತಪ್ಪಾತಪಾ" ಎಂದೆ. ಅವರು ನನ್ನ ಕೈಯನ್ನು ಒತ್ತಿದರು.

ಆಗ ನಾನೂ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತನ್ನು ಹೇಳಲೇಬೇಕಾಯಿತು. ಕೊನೆಯ ವರ್ಷಗಳಲ್ಲಿ ನಾನು ಅವರ ತಾಯಿಯನ್ನು ಕಾಣಲು ಹೋಗುತ್ತಿದ್ದೆ. ಜೂನ್ ಒಂದನ್ನು ಆ ತಾಯಿ ಅರಿಯರು. ಸೀಗೆ ಹುಣ್ಣಿಮೆಯಂದು ಹೊಲದಲ್ಲಿ ಚರಗ ಚೆಲ್ಲಿ ಬಂದ ರಾತ್ರಿ ನೋವು ಎದ್ದು ಮರುದಿನ ನಸುಕಿನಲ್ಲಿ ಮಗ ಹುಟ್ಟಿದನೆಂದು ಅವರು ಹೇಳುತ್ತಿದ್ದರು. ಮಗ ದೇಶ ಬಿಟ್ಟ ಮೇಲೆ ಪ್ರತಿ ವರ್ಷ ಆ ದಿನ ಕಡಬು ಮಾಡಿ, ಮೊದಲ ತಾಟನ್ನು ಮಠದ ನಿಲಯದ ಯಾವನಾದರೊಬ್ಬ ಹುಡುಗನಿಗೆ ಕಳಿಸುತ್ತಿದ್ದರು. ಕೋಪದಲ್ಲಿದ್ದ ನಾನು ಇದನ್ನು ಪತ್ರದಲ್ಲಿ ಬರೆಯಲಿಲ್ಲ. ಬರೆಯಬೇಕಾಗಿದ್ದುದು ಇದೊಂದೇ ಆಗಿತ್ತು.

ಗೆಳೆಯರು ದೋಣಿ ದಡ ಮುಟ್ಟುವವರೆಗೆ ಮಾತನಾಡಲಿಲ್ಲ. ಇಳಿಯುವಾಗ, "ಅಂದ್ರ ಇವತ್ತ ನನಗ ಎಪ್ಪತ್ತಾಗಿಲ್ಲ" ಎಂದರು. ಆಗಿ ಎಂಟು ತಿಂಗಳಾಯಿತೋ, ಇನ್ನೂ ನಾಲ್ಕು ತಿಂಗಳಿದೆಯೋ ಎಂದು ಲೆಕ್ಕ ಹಾಕಲು ತೊಡಗಿ, ಗುರುಗಳು ವರ್ಷವನ್ನೂ ಅಂದಾಜಿನಿಂದಲೇ ಬರೆದಿದ್ದಾರೆಂಬುದು ನೆನಪಾಗಿ ಇಬ್ಬರೂ ನಕ್ಕೆವು.

ಭಾನುವಾರವಾದ್ದರಿಂದ ಅಂಗಡಿಗಳೆಲ್ಲ ಮುಚ್ಚಿದ್ದವು; ಚಹದಂಗಡಿಯೊಂದರಲ್ಲಿ ಗೆಳೆಯರು ಎಲ್ಲರಿಗೂ ಕೇಕು ಕೊಡಿಸಿದರು. ಮೊಟ್ಟೆಯ ಕಾರಣದಿಂದ ನಾನು ಚಹದಲ್ಲಿಯೇ ತೃಪ್ತನಾದೆ. ಕಿಟೆಲ್ಲರಿಗಾಗಿ ಬಂದವನು ಅವರ ಹೆಸರನ್ನು ಆ ಮಧ್ಯಾಹ್ನವೆಲ್ಲ ಎತ್ತಲೇ ಇಲ್ಲವೆಂಬುದು ರೈಲು ಹತ್ತಿದ ಮೇಲೆ ಹೊಳೆಯಿತು. ಎದುರಿಗೆ ಕುಳಿತ ಗೆಳೆಯರು ಕಿಸೆಯ ಡೈರಿ ತೆಗೆದು, ಆ ವರ್ಷ ಸೀಗೆ ಹುಣ್ಣಿಮೆ ಯಾವಾಗ ಎಂದು ಕೇಳಿದರು. ಅಕ್ಟೋಬರಿನ ಮೊದಲ ವಾರವೆಂದೆ. ಪುಟ ತಿರುವಿ ಕನ್ನಡದಲ್ಲಿಯೇ ಬರೆದುಕೊಂಡರು. ಒತ್ತಕ್ಷರ ತಪ್ಪಿತ್ತು; ನಾನು ತಿದ್ದಲು ಹೋಗಲಿಲ್ಲ. "ಆ ಹೊಲ ಈಗ ಯಾರು ಮಾಡ್ತಾರ?" ಎಂದರು. ಚಿಕ್ಕಪ್ಪನ ಮಗ ಮಾಡುತ್ತಾನೆಂದೆ. "ಅವನ ಫೋನ್ ನಂಬರ ಐತೇನು ನಿನ್ನ ಹತ್ರ?" ಎಂದು ಕೇಳಿ ಅದನ್ನೂ ಕೆಳಗೆ ಬರೆದುಕೊಂಡರು.