ಕೆಟ್ಟ ಹಾಲು, ಹುಳಿತ ಮೊಸರು

ಪಟ್ಟಂದೂರು ಅಗ್ರಹಾರದ ಹೆಸರಿನಲ್ಲಿ 2023ರಲ್ಲಿ ಮೆಟ್ರೋ ನಿಲ್ದಾಣವಾಯಿತು. ಕಣ್ಣೆದುರಿನಲ್ಲಿ ಕರೆದ ಹಾಲನ್ನು ಕೊಳ್ಳುವ ಮನೆಗಳು ಇಲ್ಲೀಗ ವಿರಳ. ನಂದಿನಿಯ ಪೊಟ್ಟಣವೇ ನಮ್ಮ ಕಾಮಧೇನು. ಆದುದರಿಂದ ಹಾಲಿನ ಗುಣದೋಷಗಳನ್ನು ಅರಿಯುವ ಭಾರವು ಗೃಹಸ್ಥರ ಮೇಲೆಯೇ ಬಿದ್ದಿದೆ. 1927ರಲ್ಲಿ ಗಾಂಧೀಜಿಯವರು ಬೆಂಗಳೂರಿನ ಹೈನು ಸಂಸ್ಥೆಗೆ ಹೋಗಿ ಈ ವಿದ್ಯೆಯನ್ನು ವಿದ್ಯಾರ್ಥಿಯಂತೆ ಅಭ್ಯಸಿಸಿದರು. ನಾವು ಅದನ್ನು ಅಡಿಗೆಮನೆಯ ಕ್ಷುಲ್ಲಕ ಸಂಗತಿಯೆಂದು ತಿಳಿಯುವುದು ತರವಲ್ಲ.

ಪೊಟ್ಟಣದ ಹಾಲನ್ನು ಸಾಮಾನ್ಯವಾಗಿ 72 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 15 ಸೆಕೆಂಡು ಕಾಯಿಸಿ ಒಡನೆಯೇ ತಣಿಸಿರುತ್ತಾರೆ. ಇದರಿಂದ ರೋಗಕಾರಕ ಕ್ರಿಮಿಗಳು ನಾಶವಾಗುವುವಾದರೂ ಸಕಲ ಸೂಕ್ಷ್ಮಜೀವಿಗಳೂ ಅಳಿಯುವುದಿಲ್ಲ. ಉಳಿದವು ಬೆಚ್ಚಗಿನ ಸ್ಥಳದಲ್ಲಿ ಶೀಘ್ರವಾಗಿ ವೃದ್ಧಿಹೊಂದಿ, ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ತಣ್ಣಗಿರುವಾಗ ನಿರ್ದುಷ್ಟವಾಗಿ ಕಾಣುವ ಹಾಲು ಒಲೆಯ ಮೇಲೆ ಒಡೆಯುವುದಕ್ಕೆ ಈ ಆಮ್ಲವೇ ಕಾರಣ. ಸಂದೇಹ ಬಂದಾಗ ಪಾತ್ರೆಯ ಹಾಲನ್ನೆಲ್ಲ ಕಾಯಿಸದೆ, ನಾಲ್ಕು ಚಮಚೆಯಷ್ಟನ್ನು ಸಣ್ಣ ಬಟ್ಟಲಲ್ಲಿ ಕುದಿಸಿ ನೋಡಬೇಕು. ಹಾಲಿನ ಡೈರಿಗಳಲ್ಲಿಯೂ ಗಾಜಿನ ನಳಿಗೆಯಲ್ಲಿ ಇದೇ ಪರೀಕ್ಷೆಯನ್ನು ಮಾಡುತ್ತಾರೆ. ನಿನ್ನೆಯ ಹಾಲಿಗೆ ಇಂದಿನದನ್ನು ಬೆರೆಸುವುದಂತೂ ಕೂಡದು.

ಒಡೆಯಬಾರದೆಂದು ಚಿಟಿಕೆ ಸೋಡಾ ಹಾಕುವ ಪದ್ಧತಿ ಕೆಲವರಲ್ಲಿದೆ. ಸೋಡಾ ಆಮ್ಲವನ್ನು ಅಡಗಿಸುವುದೇ ಹೊರತು ಕ್ರಿಮಿಗಳನ್ನಲ್ಲ. ಎಚ್ಚರಿಕೆ ಕೊಡುವವನ ಬಾಯಿ ಕಟ್ಟಿದಂತಾಗುತ್ತದೆ, ಅಷ್ಟೆ. ಶೀತಪೆಟ್ಟಿಗೆಯಲ್ಲಿ ಬಹುದಿನ ಇಟ್ಟ ಹಾಲಿನ ರೀತಿಯೇ ಬೇರೆ. ಅದು ಹುಳಿಯಾಗದೆ ಕಹಿಯಾಗಬಹುದು. ಚಳಿಯಲ್ಲಿಯೂ ಬೆಳೆಯಬಲ್ಲ ಜೀವಿಗಳು ಹಾಲಿನ ಸಾರವನ್ನು ಒಡೆಯುವುದೇ ಇದಕ್ಕೆ ಕಾರಣ. ಕಹಿಯಾದುದನ್ನು ಪಾಯಸಕ್ಕೆ ಸುರಿದು ಸಕ್ಕರೆಯಿಂದ ಮುಚ್ಚುವುದು ಮಿತವ್ಯಯವಲ್ಲ.

ಮೊಸರಿನ ವಿಷಯದಲ್ಲಿ ಹುಳಿಯೊಂದೇ ದೋಷವಲ್ಲ. ಭಾವಪ್ರಕಾಶದಲ್ಲಿ ಮಂದ, ಸ್ವಾದು, ಸ್ವಾದ್ವಮ್ಲ, ಅಮ್ಲ, ಅತ್ಯಮ್ಲವೆಂದು ಮೊಸರಿಗೆ ಐದು ಭೇದಗಳಿವೆ. ಸರಿಯಾಗಿ ಹೆಪ್ಪಾಗದ ಮಂದವನ್ನು ನಮ್ಮ ವೈದ್ಯರು ವರ್ಜ್ಯವೆಂದರು. ಹುಳಿ ಮೊಸರು ಮಜ್ಜಿಗೆಹುಳಿಗೆ ಒದಗುತ್ತದೆ. ಮೇಲೆ ನಿಂತ ತಿಳಿನೀರೂ ಕೆಟ್ಟುದರ ಗುರುತಲ್ಲ. ಆದರೆ ಗುಲಾಬಿ, ಹಸಿರು ಅಥವಾ ಕಪ್ಪು ಬಣ್ಣದ ಬೂಷ್ಟು ಕಂಡರೆ ಮೇಲಿನ ಪದರವನ್ನು ಮಾತ್ರ ತೆಗೆದು ಉಳಿದುದನ್ನು ಬಡಿಸಬಾರದು. ಬೂಷ್ಟಿನ ಎಳೆಗಳು ಕೆಳಗೂ ಇಳಿದಿರುತ್ತವೆ. ನೂಲಿನಂತೆ ಎಳೆಯುವ ಮೊಸರಾದರೆ ಹೆಪ್ಪನ್ನೇ ಬದಲಾಯಿಸಬೇಕು.

ಬೆಣ್ಣೆ, ತುಪ್ಪಗಳು ಕೆಟ್ಟರೆ ಕಮಟು ವಾಸನೆಯೇ ಹೇಳಿಬಿಡುತ್ತದೆ. ತುಪ್ಪದ ಜಾಡಿಗೆ ಒದ್ದೆ ಚಮಚೆಯನ್ನು ಹಾಕಬಾರದು.

ಮೂಗು, ನಾಲಗೆಗಳನ್ನು ನಂಬಲಾಗದ ಸ್ಥಳವೊಂದಿದೆ: ಖೋವ, ಪೇಡ ಮುಂತಾದ ಹಾಲಿನ ಸಿಹಿಗಳು. ಮಾಡುವವರ ಕೈಯ ಹುಣ್ಣಿನಿಂದ ಸೇರುವ ಒಂದು ಬಗೆಯ ಕ್ರಿಮಿಯು ಬೆಚ್ಚಗಿನ ಸಿಹಿಯಲ್ಲಿ ಬೆಳೆದು ವಿಷವನ್ನುಂಟುಮಾಡುತ್ತದೆ. ರುಚಿಯೂ ವಾಸನೆಯೂ ಬದಲಾಗುವುದಿಲ್ಲ. ಮತ್ತೆ ಕಾಯಿಸಿದರೂ ಆ ವಿಷವು ಹೋಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿಭೇದಿಗಳು ತೋರುತ್ತವೆ. ಶಿಶುಗಳಿಗೂ ವೃದ್ಧರಿಗೂ ಅಪಾಯ ಹೆಚ್ಚು. ಮದುವೆಯ ಮನೆಯಲ್ಲಿ ದಿನವಿಡೀ ಹೊರಗಿದ್ದ ಪೇಡವನ್ನು ಮರುದಿನ ಮಕ್ಕಳ ಕೈಗೆ ಕೊಡಬೇಡಿರಿ.