ಮಡಿಲು ತುಂಬಿದ ಮೇಲೆ

ದತ್ತಕವು ನಮ್ಮ ದೇಶಕ್ಕೆ ಹೊಸತಲ್ಲ. ವಂಶವು ಉಳಿಯಲಿ, ಆಸ್ತಿಯು ಅನ್ಯರ ಪಾಲಾಗದಿರಲಿ ಎಂದು ದಾಯಾದಿಗಳ ಮಗನನ್ನು ದತ್ತಕ ತೆಗೆದುಕೊಳ್ಳುವದು ಬಹುಕಾಲದ ರೂಢಿ. 1956ನೆಯ ಇಸವಿಯ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಹೆಣ್ಣುಮಗುವನ್ನೂ ದತ್ತಕಕ್ಕೆ ಅರ್ಹಳನ್ನಾಗಿ ಮಾಡಿತು. 2015ನೆಯ ಇಸವಿಯ ಬಾಲನ್ಯಾಯ ಕಾಯಿದೆಯಾದರೋ, ಅನಾಥ ಮಗುವಿಗೆ ಕುಟುಂಬವನ್ನು ದೊರಕಿಸುವದೇ ದತ್ತಕದ ಉದ್ದೇಶವೆಂದು ಹೇಳಿ, ಎಲ್ಲ ಮತದವರಿಗೂ ಬಾಗಿಲನ್ನು ತೆರೆಯಿತು. ಹಿಂದೆ ಮನೆಗೆ ಮಗನು ಬೇಕಾಗಿದ್ದನು. ಇಂದು ಮಗುವಿಗೆ ಮನೆಯು ಬೇಕಾಗಿದೆ.

ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯನ್ನು ನಂಬಿ, ವಾತ್ಸಲ್ಯವೊಂದಿದ್ದರೆ ಸಾಕೆನ್ನುವವರು ಬಹಳ. ಅದು ಸಾಲದೆಂಬುದು ನಮ್ಮ ಅಭಿಪ್ರಾಯ. ತಿಂಡಿಯನ್ನು ಹಾಸಿಗೆಯಡಿ ಬಚ್ಚಿಡುವ, ರಾತ್ರಿ ಬೆಚ್ಚಿಬೀಳುವ, ಅಪ್ಪಿಕೊಂಡರೆ ಕೊಸರಿಕೊಳ್ಳುವ ಮಗುವು ಉಪಕಾರವನ್ನು ಅರಿಯದ್ದಲ್ಲ; ಹಲವು ಕೈ ಬದಲಾಗಿ ಬಂದ ಜೀವವದು. ಇದನ್ನು ತಿಳಿಯದೆ ಬೇಸತ್ತ ಪಾಲಕರು ಮಗುವನ್ನು ಸಂಸ್ಥೆಗೆ ಮರಳಿ ಒಪ್ಪಿಸಿದ್ದೂ ಉಂಟು. ಎರಡು ಸಲ ಕೈಬಿಟ್ಟ ಮಗುವಿಗೆ ಮತ್ತಾರಲ್ಲಿ ವಿಶ್ವಾಸ ಹುಟ್ಟೀತು?

ಮಗುವು ಮನೆಗೆ ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಅದರ ಯೋಗಕ್ಷೇಮದ ವರದಿಯಾಗತಕ್ಕದ್ದೆಂದು 2022ನೆಯ ಇಸವಿಯ ದತ್ತಕ ನಿಯಮಾವಳಿಯು ವಿಧಿಸಿದೆ. ವರದಿಗಾಗಿ ಬರುವ ಸಮಾಜ ಕಾರ್ಯಕರ್ತರನ್ನು ಪಾಲಕರು ತನಿಖೆಗೆ ಬಂದ ಅಮಲ್ದಾರರೆಂದು ಬಗೆದು, ನಗುಮುಖ ತೋರಿಸಿ, ಕಾಫಿ ಕೊಟ್ಟು ಸಾಗಹಾಕಬಾರದು. ತಮ್ಮ ತೊಡಕನ್ನು ಬಿಚ್ಚಿ ಹೇಳಿ ಕಲಿಯುವ ಸಮಯವದು.

2024ನೆಯ ಇಸವಿಯ ಮಾರ್ಗಸೂಚಿಯ ಮೇರೆಗೆ ಒಂಟಿಯಾಗಿರುವವರೂ ಮಗುವನ್ನು ಪೋಷಣೆಗೆ ಪಡೆಯಬಹುದು. ಎರಡು ವರ್ಷ ಸಾಕಿದ ತರುವಾಯ ದತ್ತಕಕ್ಕೂ ಅವಕಾಶವುಂಟು. ಆದರೆ ಪೋಷಕರು ಕಲಿಯಬೇಕಾದ ಪಾಠವು ಇನ್ನೂ ಕಠಿಣವಾದದ್ದು. ಮಗುವಿನ ಹೆತ್ತವರನ್ನು ಹಳಿಯದಿರುವದು, ಅದು ಅವರಲ್ಲಿಗೆ ಹಿಂದಿರುಗುವ ದಿನ ಬಂದರೆ ಹರಸಿ ಕಳುಹಿಸುವದು, ಇವು ಸುಲಭದಲ್ಲಿ ಬರುವ ಗುಣಗಳಲ್ಲ.

ಎರಡು ವರ್ಷಗಳ ಬಳಿಕ ವರದಿಯು ನಿಲ್ಲುವದು; ಮಗುವಿನ ಪ್ರಶ್ನೆಗಳು ಆಗಲೇ ಆರಂಭವಾಗುವವು. ತನ್ನನ್ನು ಹೆತ್ತವರಾರೆಂದು ಅದು ಕೇಳಿಯೇ ಕೇಳುವದು. ನೆರೆಹೊರೆಯವರ ಬಾಯಿಂದ ತಿಳಿಯುವ ಮೊದಲೇ, ಎಳವೆಯಿಂದಲೇ, ಪಾಲಕರು ನಿಜವನ್ನು ಪ್ರೀತಿಯಿಂದ ಹೇಳತಕ್ಕದ್ದು. ಹೇಗೆ ಹೇಳಬೇಕೆಂಬುದಕ್ಕೂ ಅಭ್ಯಾಸ ಬೇಕು.

ಆದುದರಿಂದ ಪ್ರತಿಯೊಂದು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವು ತಿಂಗಳಿಗೊಮ್ಮೆಯಾದರೂ ಇಂಥ ಪಾಲಕರನ್ನು ಕಲೆಹಾಕಿ, ಅನುಭವಸ್ಥರಿಂದ ಕನ್ನಡದಲ್ಲಿಯೇ ತಿಳಿವಳಿಕೆ ಕೊಡಿಸಬೇಕೆಂದು ಸರಕಾರವನ್ನು ಆಗ್ರಹಪಡಿಸುತ್ತೇವೆ. ಪಾಲಕರೂ ಸಂಕೋಚವನ್ನು ಬಿಟ್ಟು ಬರಲಿ. ಮಗುವು ಬೆಳೆಯುವಷ್ಟು ಕಾಲವೂ ತಾಯಿತಂದೆಗಳು ವಿದ್ಯಾರ್ಥಿಗಳೇ.