ಗಡಿ ಬದಲಾಯಿತು, ಮೈದಾನ ದೂರವಾಯಿತು

ಬೀದರ ಜಿಲ್ಲೆಯ ಮನ್ನಾಏಖೇಳ್ಳಿ ಹೈದರಾಬಾದ್-ಮುಂಬಯಿ ಹೆದ್ದಾರಿಯ ಮೇಲಿನ ಊರು. ಇಲ್ಲಿಂದ ಹೈದರಾಬಾದು ಕೆಲವೇ ತಾಸಿನ ದಾರಿ. ಬೆಂಗಳೂರಿಗೆ ಹೋಗಬೇಕಾದರೆ ಇಡೀ ರಾತ್ರಿ ಪ್ರಯಾಣ. ಈ ಭಾಗಕ್ಕೂ ಫುಟ್‌ಬಾಲಿಗೂ ಇರುವ ನಂಟು ತಿಳಿಯಬೇಕಾದರೆ ಮೊದಲು ಈ ದೂರದ ಲೆಕ್ಕ ಹಾಕಬೇಕು.

1956ರ ಅಕ್ಟೋಬರ್ ಅಂತ್ಯದವರೆಗೆ ಬೀದರ, ಹುಮನಾಬಾದ, ಬಸವಕಲ್ಯಾಣಗಳೆಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಆಗ ದೇಶದ ಬಲಿಷ್ಠ ತಂಡಗಳಲ್ಲಿ ಒಂದು ಆ ರಾಜ್ಯದ ರಾಜಧಾನಿಯಲ್ಲೇ ಇತ್ತು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದರ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಲ್ಲಿ ಶಾಲಾ ಮಾಸ್ತರರು. ಎರಡೂ ಕಾಲಿನಿಂದ ಆಡುವುದು ರೂಢಿಯಾಗಲೆಂದು ದುರ್ಬಲ ಕಾಲಿನಲ್ಲಷ್ಟೇ ಚೆಂಡು ಒದೆಯಬೇಕೆಂಬ ಪಂದ್ಯಗಳನ್ನೂ ಅವರು ಏರ್ಪಡಿಸಿದ್ದರು.

ಆರಂಭದ ಕ್ಲಬ್ಬುಗಳು ಪಟ್ಟಣಗಳಲ್ಲೇ ಬೆಳೆದದ್ದು ಆಕಸ್ಮಿಕವಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಬೆಂಗಳೂರಿನಲ್ಲಿ ಈ ಆಟಕ್ಕೆ ನೆಲೆಯಾದದ್ದು ದಂಡಿನ ಪ್ರದೇಶ. ಪೊಲೀಸ್, ಸೈನ್ಯ, ರೈಲ್ವೆಗಳಲ್ಲಿ ಆಟಗಾರನಿಗೆ ಸಂಬಳವಿತ್ತು, ಮೈದಾನವಿತ್ತು, ಸಂಜೆಯ ಬಿಡುವಿತ್ತು. ಒಕ್ಕಲುತನದ ಮನೆಯ ಹುಡುಗನಿಗೆ ಇವು ಸುಲಭವಾಗಿ ಸಿಗುವಂಥವಲ್ಲ. ಮಳೆಗಾಲದಲ್ಲಿ ಮೈದಾನ ಹಸಿಯಾಗಿ ಚೆಂಡಾಟಕ್ಕೆ ಹದವಾಗುವ ಹೊತ್ತಿಗೇ ಹೊಲದಲ್ಲಿ ಹೆಸರು, ಉದ್ದು, ತೊಗರಿಯ ಕೆಲಸ ಕಾದಿರುತ್ತದೆ.

ಹಳ್ಳಿಯ ಹುಡುಗನೊಬ್ಬ ಕ್ಲಬ್ಬು ಸೇರಲು ಏನು ಬೇಕಿತ್ತೆಂಬುದಕ್ಕೆ ತುಳಸೀದಾಸ್ ಬಲರಾಮ್ ಉದಾಹರಣೆ. ಸಿಕಂದರಾಬಾದ್ ಸಮೀಪದ ಅಮ್ಮುಗುಡದ ಬಡ ಮನೆಯ ಈ ಹುಡುಗನ ಆಟ ರಹೀಮರ ಕಣ್ಣಿಗೆ ಬಿತ್ತು. ಅಭ್ಯಾಸಕ್ಕೆ ಬರಲು ದುಡ್ಡಿಲ್ಲವೆಂದಾಗ ಬಾಡಿಗೆ ಸೈಕಲ್ಲಿನ ಖರ್ಚನ್ನು ಅವರೇ ಕೊಟ್ಟರು. ಬಲರಾಮ್ 1956ರ ಒಲಿಂಪಿಕ್ ತಂಡದಲ್ಲಿದ್ದರು. 1962ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲೂ ಆಡಿದರು.

1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಮರ ತರಬೇತಿಯಲ್ಲಿದ್ದ ಭಾರತ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಹೈದರಾಬಾದಿನ ಆಟಗಾರರು ಆ ತಂಡದ ಬೆನ್ನೆಲುಬಾಗಿದ್ದರು. ಅಷ್ಟರಲ್ಲಿ ಬೀದರಿಗೆ ಹೈದರಾಬಾದು ಪರರಾಜ್ಯದ ನಗರವಾಗಿತ್ತು.

ಕನ್ನಡದ ನೆಲ ಒಂದಾದದ್ದು ಬಹುಕಾಲದ ಬಯಕೆ ಈಡೇರಿದ ಸಂಗತಿಯೇ. ಆದರೆ ಆಟದ ಮಟ್ಟಿಗೆ ಅದಕ್ಕೊಂದು ಬೆಲೆಯೂ ಇತ್ತು. ಇಲ್ಲಿಯ ಹುಡುಗ ರಾಜ್ಯ ತಂಡದ ಕನಸು ಕಂಡರೆ ನೋಡಬೇಕಾದದ್ದು ಸುಮಾರು 700 ಕಿಲೋಮೀಟರ್ ಆಚೆಯ ಬೆಂಗಳೂರಿನ ಕಡೆಗೆ. ಒಬ್ಬ ಮಾಸ್ತರರ ಸೈಕಲ್ ಬಾಡಿಗೆಯಿಂದ ತೀರುವ ದೂರ ಅದಲ್ಲ.